ಆಲೂಗಡ್ಡೆಯ ಸದ್ದು

"ಎಣ್ಣೆ ಕಾದಿಲ್ಲ," ಎಂದರು ಅತ್ತೆ. "ಕಾದಿದ್ರೆ ಹಾಡಬೇಕಿತ್ತು."

ಸೊಸೆ ಅರೆಬೆಂದ ಆಲೂಗಡ್ಡೆಯ ಹೋಳುಗಳನ್ನು ಆಗಷ್ಟೇ ಕಾದ ಎಣ್ಣೆಯ ಟ್ರೇಗೆ ಸುರಿದಿದ್ದಳು. ಎಣ್ಣೆ ಹಾಡುತ್ತಿರಲಿಲ್ಲ, ಕಿರುಚುತ್ತಿತ್ತು. ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದ ಮಾವ ಕೂಡ, "ಹುಷಾರು, ಕೈ ಸುಟ್ಟೀತು," ಎಂದು ಕೂಗಿದ್ದರು. ಅತ್ತೆ ಮಾತ್ರ ಟ್ರೇಯ ಮೇಲೆ ಬಗ್ಗಿ, ಡಾಕ್ಟರು ಎದೆಬಡಿತ ನೋಡುವ ಹಾಗೆ ಕಿವಿ ಕೊಟ್ಟು ನಿಂತಿದ್ದರು.

"ಊಹೂಂ," ಎಂದರು.

ಆ ಮನೆಯಲ್ಲಿ ಹಬ್ಬದೂಟಕ್ಕೆ ಏನಿಲ್ಲದಿದ್ದರೂ ಓವನ್ನಿನಲ್ಲಿ ಹುರಿದ ಆಲೂಗಡ್ಡೆ ಇರಲೇಬೇಕು. ಅದರ ಪರೀಕ್ಷೆ ಕಣ್ಣಿಗಲ್ಲ, ನಾಲಿಗೆಗೂ ಅಲ್ಲ, ಕಿವಿಗೆ. ಎಲ್ಲರಿಗಿಂತ ಮೊದಲು ಅತ್ತೆ ಒಂದು ಹೋಳು ಕಚ್ಚುತ್ತಾರೆ. ಕರುಂ ಎಂದರೆ ಪಾಸು. ಮದುವೆಯಾದ ವರ್ಷವೇ ಹುರಿಯುವ ಕೆಲಸ ಸೊಸೆಯ ಪಾಲಿಗೆ ಬಂತು. ಅಂದಿನಿಂದ ಪ್ರತಿ ಹಬ್ಬಕ್ಕೂ ಅತ್ತೆ ಕಚ್ಚಿ, ಅಗಿದು, ನುಂಗಿ, "ಸದ್ದಿಲ್ಲ" ಎಂದಿದ್ದರು. ಸೊಸೆ ಅಂಗಡಿ ಬದಲಿಸಿದಳು. ಬೆಂದ ಹೋಳುಗಳನ್ನು ಮುಚ್ಚಿದ ಪಾತ್ರೆಯಲ್ಲಿ ಕುಲುಕಿ ಹೊರಮೈಯನ್ನು ತರಿತರಿ ಮಾಡಿದಳು. ಮೇಲೆ ರವೆ ಉದುರಿಸಿದಳು. ಒಮ್ಮೆ ಸೋತು, ಓವನ್ನೇ ಸರಿಯಿಲ್ಲ ಎಂದಾಗ ಅತ್ತೆ, "ಕುಣಿಯಲಾರದವಳು..." ಎಂದು ಗಾದೆಯನ್ನು ಅರ್ಧಕ್ಕೇ ಬಿಟ್ಟಿದ್ದರು. ಉಳಿದರ್ಧ ಸೊಸೆಯನ್ನು ವರ್ಷವಿಡೀ ಚುಚ್ಚಿತ್ತು.

ಈಗ ಅವಳು ಟ್ರೇಯನ್ನು ಓವನ್ನಿಗೆ ತಳ್ಳಿ, ಬಾಗಿಲು ಹಾಕಿ, ಅತ್ತೆಯ ಬೆನ್ನ ಹಿಂದೆ ನಿಂತು ಮೆಲ್ಲಗೆ, "ಅತ್ತೆ, ಉಪ್ಪಿನ ಡಬ್ಬಿ ಕೊಡಿ," ಎಂದಳು. ಅತ್ತೆ ತಟ್ಟೆ ಒರೆಸುತ್ತಲೇ ಇದ್ದರು. ಇನ್ನೊಮ್ಮೆ, ತನ್ನ ಎಂದಿನ ದನಿಯಲ್ಲಿ ಕೇಳಿದಳು.

"ತಗೋ. ಕೇಳೋಕೆ ಅಷ್ಟೊಂದು ಕಾಯೋದೇನು?" ಎಂದರು ಅತ್ತೆ.

ಎಂದಿನ ದನಿ ಎಂದರೆ ಸಾಮಾನ್ಯದ್ದಲ್ಲ. ಸೊಸೆ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಹಲ್ಲು ಕೊರೆಯುವ ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಕಂಚಾಗಿತ್ತು. "ಈ ಮನೇಲಿ ಬಾಯಿ ಬಿಟ್ಟು ಮಾತಾಡೋಳು ನೀನೊಬ್ಬಳೇ. ಉಳಿದವರೆಲ್ಲ ಬರೀ ಗೊಣಗ್ತಾರೆ," ಎಂದು ಅತ್ತೆ ಆಗಾಗ ಹೇಳುವುದಿತ್ತು. ಯಾವ ಕೆಲಸವಿಲ್ಲದಿದ್ದರೂ ಅವಳನ್ನೇ ಅಡುಗೆಮನೆಗೆ ಕರೆದು ಕೂರಿಸಿಕೊಳ್ಳುವುದಿತ್ತು. ಅದು ಹೊಗಳಿಕೆಯೋ ಕೊಂಕೋ ಎಂದು ಸೊಸೆಗೆ ತಿಳಿದಿರಲಿಲ್ಲ. ಎರಡೂ ಅಲ್ಲವೆಂದು ಈಗ ತಿಳಿಯಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯ ಕಾಲ ಓವನ್ನಿನೊಳಗೆ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಊಟಕ್ಕೆ ಎಲ್ಲರೂ ಕೂತಾಗ, ನಾದಿನಿಯ ಎದುರಿಗೇ, ಹೇಳಬೇಕಾದ ಮಾತನ್ನು ಅವಳು ಅಲ್ಲೇ ಜೋಡಿಸಿಕೊಂಡಳು. ಚೆನ್ನಾಗಿ ಕೂತಿದೆಯೋ ಇಲ್ಲವೋ ನೋಡಲು ಬಾಯಲ್ಲೇ ಒಮ್ಮೆ ಅಂದಳು: "ಸದ್ದಿಲ್ಲದಿರೋದು ಆಲೂಗಡ್ಡೇಲಿ ಅಲ್ಲ ಅತ್ತೆ, ನಿಮ್ಮ ಕಿವೀಲಿ."

ಅಷ್ಟರಲ್ಲೇ ಅತ್ತೆ ತಟ್ಟೆ ಇಡಲು ತಿರುಗಿದರು. "ಏನೋ ಅಂದ್ಯಲ್ಲ?"

ಅವರ ಕಣ್ಣು ಸೊಸೆಯ ತುಟಿಯ ಮೇಲಿತ್ತು. ಮುಖದಲ್ಲಿ ಒಂದು ನಗು ಆಗಲೇ ಸಿದ್ಧವಾಗಿತ್ತು, ಏನು ಹೇಳಿದರೂ ಹೌದೆನ್ನುವ ನಗು. ಕ್ಲಿನಿಕ್ಕಿನ ಕುರ್ಚಿಯಲ್ಲಿ, ಡಾಕ್ಟರು ಹೇಳಿದ್ದೊಂದೂ ಅರ್ಥವಾಗದೆ ತಲೆಯಾಡಿಸುವವರ ಮುಖದಲ್ಲಿ ಸೊಸೆ ಅದನ್ನು ದಿನಾ ನೋಡುತ್ತಿದ್ದಳು.

"ತಟ್ಟೆ ಬಿಸಿ ಮಾಡ್ಲಾ ಅಂದೆ," ಎಂದಳು ಸೊಸೆ, ಗಟ್ಟಿಯಾಗಿ.

"ಮಾಡು, ಮಾಡು," ಎಂದರು ಅತ್ತೆ. ನಗು ನಿರಾಳವಾಯಿತು.

ಊಟಕ್ಕೆ ಕೂತಾಗ ಟ್ರೇ ಮೊದಲು ಅತ್ತೆಯ ಮುಂದೆ ಬಂತು. ಅವರು ಅಂಚು ಕೆಂಪಗಾದ ಹೋಳೊಂದನ್ನು ಆರಿಸಿ ಕಚ್ಚಿದರು. ಪ್ರತಿ ಸಲ ಸರಿಯಾಗಿ ಅದೇ ಗಳಿಗೆಗೆ ಮಾವನಿಗೆ ಜೋರು ಕೆಮ್ಮು ಬರುತ್ತಿತ್ತು. ಈ ಸಲ ಬಾಯಲ್ಲಿ ನೀರಿತ್ತು, ಕೆಮ್ಮು ತಡವಾಯಿತು. ಕರುಂ ಎಂಬ ಸದ್ದು, ಒಣಕಡ್ಡಿಯ ಮೇಲೆ ಕಾಲಿಟ್ಟ ಹಾಗೆ, ಮೇಜಿನ ಆ ತುದಿಯವರೆಗೂ ಹೋಯಿತು. ಗಂಡನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

ಅತ್ತೆ ನಿಧಾನವಾಗಿ ಅಗಿದು ನುಂಗಿದರು. "ರುಚಿಯೇನೋ ಇದೆ," ಎಂದರು. "ಸದ್ದು ಮಾತ್ರ ಇಲ್ಲ."

ಮಾವ ಲೋಟವನ್ನು ನೋಡುತ್ತಿದ್ದರು. ನಾದಿನಿಗೆ ನಗು ತಡೆಯಲಿಲ್ಲ. "ಅಮ್ಮ, ಇಷ್ಟು ಜೋರಾಗಿ..."

"ಇನ್ನೊಂದು ಸ್ವಲ್ಪ ಹೊತ್ತು ಓವನ್ನಲ್ಲೇ ಇರ್ಲಿ ಅಂತ ಅತ್ತೆ ಹೇಳಿದ್ರು," ಎಂದಳು ಸೊಸೆ. ಕಂಚಿನ ಕಂಠಕ್ಕೆ ನಾದಿನಿಯ ಮಾತು ಮುಳುಗಿಹೋಯಿತು. "ನನಗೇ ಸರಿಯಾಗಿ ಕೇಳಿಸಲಿಲ್ಲ."

"ಹೋಗ್ಲಿ ಬಿಡು," ಎಂದರು ಅತ್ತೆ, ಎರಡನೆಯ ಹೋಳಿಗೆ ಕೈಹಾಕುತ್ತಾ. "ಕಲಿತೀಯ."

ಮಾವ ಒಮ್ಮೆ ಸೊಸೆಯ ಕಡೆ ನೋಡಿದರು. ಆಮೇಲೆ ತಮ್ಮ ಪಾಲಿನ ಹೋಳನ್ನು ಗ್ರೇವಿಯ ಬಟ್ಟಲಿಗೆ ಹಾಕಿ, ಚಮಚದಿಂದ ಒತ್ತಿ ಹಿಡಿದು, ಅದು ಪೂರ್ತಿ ನೆನೆಯುವವರೆಗೆ ಕಾದರು. ಬಾಯಿಗಿಟ್ಟುಕೊಂಡು, ಸದ್ದಿಲ್ಲದೆ ಅಗಿದು, "ಹೌದು, ಮೆತ್ತಗಾಗಿದೆ," ಎಂದು ಹೇಳಿ ಬಟ್ಟಲನ್ನು ಮಗಳ ಕಡೆ ದೂಡಿದರು.