ರೇಷ್ಮೆಯ ಗಂಟು

ಕುಂಟುತ್ತಿದ್ದ ಕೋಳಿಯನ್ನು ಮಡಿಲಲ್ಲಿ ಅಂಗಾತ ಹಿಡಿದು ಕಳಕವ್ವ ಅದರ ಕಾಲಿಗೆ ನೀರು ಹನಿಸಿದಳು. ಮುಳ್ಳು ಚುಚ್ಚಿರಬೇಕೆಂದು ನಾಲ್ಕು ದಿನದಿಂದ ಮೆತ್ತಿದ್ದ ಅರಿಷಿಣ ತೊಳೆದುಹೋಯಿತು. ಬಾತ ಚರ್ಮದ ಸಂದಿಯಲ್ಲಿ ಕೆಂಪಗೆ ಏನೋ ಮಿಂಚಿತು. ಮರಿಯಿದ್ದಾಗ ನೆರೆಮನೆಯ ಮರಿಗಳಲ್ಲಿ ಕಲೆತುಹೋಗದಿರಲೆಂದು ಅವಳೇ ಗುರುತಿಗೆ ಕಟ್ಟಿದ್ದ ರೇಷ್ಮೆ ಎಳೆ ಅದು. ಕಾಲು ಬೆಳೆದಂತೆ ಎಳೆ ಮಾಂಸದೊಳಗೆ ಇಳಿದಿತ್ತು.

ಗಂಡ ಯಮನೂರಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು, ಬ್ಲೇಡಿನ ತುದಿಯಿಂದ ಅದನ್ನು ಕತ್ತರಿಸಿ ತೆಗೆದ. ಪಾದ ಕಪ್ಪಾಗಿ ತಣ್ಣಗಾಗಿತ್ತು.

"ಹತ್ತಿ ನೂಲು ಕಟ್ಟಿದ್ರ ಎಂದೋ ಹರದ ಬೀಳ್ತಿತ್ತು," ಎಂದ.

"ಹರೀಬಾರ್ದಂತನ ರೇಷ್ಮಿ ಕಟ್ಟಿದ್ನಿರಿ. ದನದ ದವಾಖಾನಿಗೆ ಒಯ್ಯೂಣೇನ್ರಿ?"

"ಸತ್ತ ಪಾದಕ್ಕ ಅವರಾದ್ರೂ ಏನ್ ಮಾಡ್ತಾರ."

ಕೋಳಿಯ ಎದೆ ಸವರುತ್ತಿದ್ದ ಕಳಕವ್ವನ ಕೈ ನಿಂತುಬಿಟ್ಟಿತು. ಇದರ ಜೊತೆ ಹುಟ್ಟಿದ ಐದು ಮರಿಗಳನ್ನು ಅವಳು ಕೊಣ್ಣೂರಿನ ಹೊಳೆಯಾಚೆ ಇರುವ ಮಗಳು ಶಂಕ್ರವ್ವನಿಗೆ ಕೊಟ್ಟು ಕಳಿಸಿದ್ದಳು. ಐದರ ಕಾಲಲ್ಲೂ ಇದೇ ಎಳೆ.

"ನಾಳಿ ಮುಂಜಾನಿ ಹೋಗ್ಬರ್ರಿ. ಬಿಚ್ಚು ಅಂತ ಆಕಿಗೆ ಹೇಳ್ರಿ."

"ಹೊಳಿ ತುಂಬಿ ಸೇತುವಿ ಮುಳಗೈತಿ. ಎಂಟು ದಿನ ಯಾರಿಗೂ ದಾಟಾಕ ಆಗೂದಿಲ್ಲ. ಆಕಿ ಮನ್ಯಾಗ ಫೋನೂ ಇಲ್ಲ." ಅವಳ ಮುಖ ನೋಡಿ ಅವನು ದನಿ ತಗ್ಗಿಸಿದ. "ಕುಂಟೂದು ನೋಡಿ ಆಕೀನ ಬಿಚ್ಚತಾಳ ತಗೋ."

"ಬಿಚ್ಚೂದಿಲ್ರಿ," ಎಂದಳು ಕಳಕವ್ವ. "ಗುರ್ತು ಹೋಗ್ತೈತಿ, ಏನ ಆದ್ರೂ ಬಿಚ್ಚಬ್ಯಾಡ, ನನ್ನ ಆಣಿ ಐತಿ ಅಂತ ಹೇಳಿ ಕಳಿಸೇನಿ."