ಬಾಲ ಊರಿ ಕೂತ ವಿಮಾನ

“ತಪ್ಪು ನನ್ನದು,” ಎಂದರು ಕ್ಯಾಪ್ಟನ್, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ.

ಸುರಕ್ಷತಾಧಿಕಾರಿ ಪೆನ್ನು ಕೆಳಗಿಟ್ಟ. ಗಗನಸಖಿ ಆಗಲೇ ಒಪ್ಪಿಕೊಂಡಾಗಿತ್ತು. ಸಾಮಾನು ಇಳಿಸುವವರ ಮೇಸ್ತ್ರಿಯೂ ಒಪ್ಪಿಕೊಂಡಾಗಿತ್ತು. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಹೊಡೆದಾಡಿದವರನ್ನು ಅವನು ಬೇಕಾದಷ್ಟು ಕಂಡಿದ್ದ. ತಪ್ಪು ತನಗೇ ಬೇಕೆಂದು ಹೀಗೆ ಮುಗಿಬಿದ್ದವರನ್ನು ಕಂಡಿರಲಿಲ್ಲ.

ಕಿಟಕಿಯಾಚೆ ವಿಮಾನ ಬಾಲವನ್ನು ನೆಲಕ್ಕೂರಿ, ಮೂತಿಯನ್ನು ಆಕಾಶಕ್ಕೆತ್ತಿ ಕೂತಿತ್ತು. ಮುಂದಿನ ಚಕ್ರ ಗಾಳಿಯಲ್ಲಿತ್ತು. ಬೇಲಿಯಾಚೆ ಟ್ಯಾಕ್ಸಿ ಚಾಲಕರು ವಿಮಾನಕ್ಕೆ ಬೆನ್ನು ಮಾಡಿ ನಿಂತು, ಅದೂ ಬರುವ ಹಾಗೆ ಫೋಟೋ ತೆಗೆದುಕೊಳ್ಳುತ್ತಿದ್ದರು. ಹಾರುವಾಗ ಏನಾದರೂ ಆಗಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಇದು ನಿಂತಲ್ಲೇ ನಿಂತಿದ್ದ ವಿಮಾನ.

ಕಾರಣವೇನೂ ಗುಟ್ಟಲ್ಲ. ಈ ಜಾತಿಯ ವಿಮಾನವನ್ನು ಹಿಂದಿನಿಂದ ಖಾಲಿ ಮಾಡಬೇಕು. ಇಲ್ಲಿ ಮುಂದಿನ ಸಾಮಾನನ್ನೆಲ್ಲ ಇಳಿಸಿ, ಹಿಂದಿನದನ್ನು ಹಾಗೇ ಬಿಟ್ಟಿದ್ದರು. ಸಾಲದ್ದಕ್ಕೆ ಪೈಲಟ್‌ಗಳು, ಗಗನಸಖಿಯರು, ಕೂಲಿಗಳು, ಕಸ ಗುಡಿಸುವವರು ಎಲ್ಲರೂ ಹಿಂದಿನ ಸೀಟುಗಳ ಬಳಿ ಸಂತೆಯಂತೆ ನೆರೆದಿದ್ದರು. ವಿಮಾನ ನಿಧಾನಕ್ಕೆ ಕುಂಡೆ ಊರಿತು.

“ಅಷ್ಟೂ ಜನ ಒಟ್ಟಿಗೆ ಹಿಂದೆ ಯಾಕೆ ಹೋದ್ರಿ, ಕ್ಯಾಪ್ಟನ್?”

ಕ್ಯಾಪ್ಟನ್ ಟೋಪಿಯ ಒಳಭಾಗವನ್ನು ಪರೀಕ್ಷಿಸಿದರು. “ಅದೊಂದು ಕೇಳ್ಬೇಡಿ. ನನ್ನ ಹೆಸರು ಬರೆದು ಮುಗಿಸಿಬಿಡಿ. ನಿಮಗೂ ಒಳ್ಳೇದು.”

ಬರೆದು ಮುಗಿಸುವುದೇನೋ ಸುಲಭ. ಸಂಜೆಗೆ ಕಂಪನಿಯ ಅಧ್ಯಕ್ಷರು ಬರುತ್ತಿದ್ದರು. ಅಷ್ಟರೊಳಗೆ ವಿಮಾನ ಮೂರೂ ಕಾಲಿನ ಮೇಲೆ ನಿಂತಿರಬೇಕು, ಒಬ್ಬರ ಹೆಸರು ಮೇಜಿನ ಮೇಲಿರಬೇಕು, ಆ ಒಬ್ಬರು ಮನೆಗೆ ಹೋಗಬೇಕು ಎಂದು ಡೈರೆಕ್ಟರ್ ಹೇಳಿಬಿಟ್ಟಿದ್ದರು. ಸಾಮಾನಿನ ವಿಷಯವಾದ್ದರಿಂದ ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲಿತ್ತು. ಮೇಸ್ತ್ರಿ ಅಧಿಕಾರಿಗೆ ಸ್ವಂತ ಭಾವ. ಅಕ್ಕನ ಸಂಸಾರದ ಅನ್ನ ಈಗ ಅವನ ಪೆನ್ನಿನ ತುದಿಯಲ್ಲಿತ್ತು.

ಭಾವನನ್ನು ಕಾರಿಡಾರಿಗೆ ಎಳೆದುಕೊಂಡು ಹೋದ.

“ಭಾವ, ನಿಮ್ಮ ಕೆಲಸ ಹೋಗುತ್ತೆ. ಗೊತ್ತಾಗ್ತಿದ್ಯಾ? ಯಾರನ್ನ ಕಾಪಾಡ್ತಿದೀರಿ?”

“ನನ್ನನ್ನೇ ಕಾಪಾಡ್ಕೋತಿದೀನಿ ಕಣಪ್ಪಾ,” ಎಂದರು ಭಾವ. “ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ಬಾಯಿ ಬಿಟ್ರೆ ನಾನು ಮನೇಲಿ ಇರೋ ಹಾಗಿಲ್ಲ.”

ಅಷ್ಟರಲ್ಲಿ ಅಕ್ಕನ ಫೋನು ಬಂತು. ಗಂಡನ ಪರವಾಗಿ ಅಳುತ್ತಾಳೆಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡ.

“ಅಮ್ಮನ ಕೋಣೆ ಗುಡಿಸಿಟ್ಟಿದೀಯಾ?” ಎಂದಳು ಅಕ್ಕ.

“ಅಕ್ಕಾ, ಇಲ್ಲಿ ಭಾವನ ಕುತ್ತಿಗೆಗೆ ಬಂದಿದೆ, ನಿಂಗೆ ಕೋಣೆ ಚಿಂತೆ! ಅಣ್ಣನ ಮನೆಯಿಂದ ಅಮ್ಮ ಬರೋದು ಮುಂದಿನ ವಾರ ತಾನೆ?”

ಆ ಕಡೆಯಿಂದ ದೊಡ್ಡ ನಿಟ್ಟುಸಿರು. “ಸುಮ್ನೆ ಕೇಳ್ದೆ. ನಿನ್ನ ಕೆಲಸ ನೋಡ್ಕೋ.” ಫೋನು ಕಟ್ಟಾಯಿತು.

ಇಡೀ ಮನೆತನಕ್ಕೇ ತಲೆ ಕೆಟ್ಟಿದೆ ಎಂದುಕೊಂಡು ತಿರುಗುವಷ್ಟರಲ್ಲಿ ಡೈರೆಕ್ಟರ್ ಏದುಸಿರು ಬಿಡುತ್ತ ಬಂದರು. ಕ್ರೇನು ಬಂದು ನಿಂತಿತ್ತು, ಆದರೆ ಮೂತಿ ಇಳಿಸುವ ಹಾಗಿರಲಿಲ್ಲ. ಒಳಗೆ ಒಬ್ಬರೇ ಒಬ್ಬರಿದ್ದರೂ ಕ್ರೇನು ಮುಟ್ಟಕೂಡದು. ಅದು ಇದೇ ಅಧಿಕಾರಿ ಬರೆದ ನಿಯಮ.

“ಒಳಗೆ ಯಾರಿದಾರೆ ಸಾರ್?”

“ಕೊನೇ ಸೀಟಲ್ಲಿ ಒಬ್ಬರು ಪ್ಯಾಸೆಂಜರ್. ಇಳಿಯೋದೇ ಇಲ್ವಂತೆ. ಬೆಳಿಗ್ಗೆಯಿಂದ ಹೇಳಿ ಹೇಳಿ ಎಲ್ಲರಿಗೂ ಸಾಕಾಗಿದೆ.”

ಫೈರ್ ಸರ್ವಿಸ್ ಮುಖ್ಯಸ್ಥ ಆಗಷ್ಟೇ ಏಣಿ ಇಳಿದು ಬರುತ್ತಿದ್ದ. ಬೆಂಕಿಗೆ ಹೆದರದ ಆಳು. ಅಧಿಕಾರಿಯನ್ನು ಕಂಡವನೇ ಹೆಲ್ಮೆಟ್ ತೆಗೆದು, ಸಾವಿನ ಮನೆಯಲ್ಲಿ ಮಾಡುವ ಹಾಗೆ ಭುಜ ತಟ್ಟಿದ.

ಅಧಿಕಾರಿಗೆ ಈಗ ಜೀವ ಬಂದಂತಾಯಿತು. ಅಂತೂ ಸಿಕ್ಕಿದರು! ಎಲ್ಲರನ್ನೂ ಹಿಂದಕ್ಕೆ ಸೇರಿಸಿದವರು ಇವರೇ ಇರಬೇಕು. ಯಾರೋ ದೊಡ್ಡ ಕುಳ, ಅದಕ್ಕೇ ಎಲ್ಲರ ಬಾಯಿಗೂ ಬೀಗ. ಮಂತ್ರಿಯಾಗಲಿ, ಮಂತ್ರಿಯ ಮಾವನಾಗಲಿ, ಹೆಸರು ಬರೆದೇ ಬರೆಯುತ್ತೇನೆ. ಭಾವ ಉಳಿದರು!

“ಹೆಸರು ಸಿಕ್ತು ಅಂದ್ಕೊಳ್ಳಿ ಸಾರ್. ಇಲ್ಲೇ ಇರಿ,” ಎಂದು ಹಿಂಬಾಗಿಲಿನ ಏಣಿ ಹತ್ತಿದ. ಕೆಳಗೆ ಕ್ಯಾಪ್ಟನ್, ಗಗನಸಖಿ, ಭಾವ ಸಾಲಾಗಿ ನಿಂತು ನೋಡುತ್ತಿದ್ದರು. ಮೂವರ ಮುಖದಲ್ಲೂ ಅದೇನೋ ನಿರಾಳ.

ಒಳಗೆ ನೆಲ ಜಾರುಬಂಡೆಯಾಗಿತ್ತು. ಸೀಟು ಹಿಡಿದು ಹಿಡಿದು ಕೊನೆಯ ಸಾಲಿಗೆ ಬಂದ. ಬೆಲ್ಟು ಬಿಗಿದುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪ್ಯಾಸೆಂಜರ್ ಕಿಟಕಿಯಾಚೆ ನೋಡುತ್ತಿದ್ದರು.

“ಅಂತೂ ಬಂದ್ಯಾ?” ಎಂದರು ಅಮ್ಮ. “ಇವತ್ತು ಬರ್ತೀನಿ, ಕರ್ಕೊಂಡು ಹೋಗೋಕೆ ನೀನೇ ಬಾ ಅಂತ ಬಾಯಿಬಿಟ್ಟು ಹೇಳಿದ್ದೆ. ನನ್ನ ಮಗ ಬರೋವರೆಗೂ ಇಳಿಯಲ್ಲ ಅಂತ ಕೂತೆ. ಪಾಪ, ಒಬ್ಬೊಬ್ಬರಾಗಿ ಎಲ್ಲರೂ ಬಂದು ಸುತ್ತ ನಿಂತು ಬೇಡ್ಕೊಂಡ್ರು, ಅಳಿಯನೂ ಕೈ ಮುಗಿದ. ಅಷ್ಟರಲ್ಲಿ ಇದು ಹೀಗೆ ಕುಸಿದು ಕೂತ್ಕೊಂಡ್ತು. ಅವನಿಗೆ ಯಾರಾದ್ರೂ ಹೇಳಿದ್ರೆ ನೋಡಿ, ತಾನಾಗೇ ನೆನಪಾಗಿ ಬರ್ಲಿ ಅಂತ ಎಲ್ಲರಿಗೂ ಹೇಳಿದ್ದೆ.”

ಏಣಿಯ ಕೆಳಗೆ ಹೆಸರಿಗಾಗಿ ಕೈ ಚಾಚಿ ನಿಂತಿದ್ದ ಡೈರೆಕ್ಟರಿಗೆ ಅವನು ಮೊದಲು ಅಮ್ಮನ ಚೀಲ ಕೊಟ್ಟ, ಆಮೇಲೆ ತನ್ನ ಕತ್ತಿನಲ್ಲಿದ್ದ ಗುರುತಿನ ಕಾರ್ಡನ್ನು ಬಿಚ್ಚಿ ಕೊಟ್ಟ.