ಚೌಕಿನ ನೆರಳು

ಕಲಬುರಗಿಯ ಬಿಸಿಲಿಗೆ ಈಗ ಜನ ನೆರಳಿನಿಂದ ನೆರಳಿಗೆ ಓಡಾಡುತ್ತಾರೆ. ವಿದ್ಯುತ್ ಕಂಪನಿಯ ಹಸಿರು ಬಾಂಡ್ ಕೊಂಡರೆ, ಆ ದುಡ್ಡಿನಿಂದ ನೀವು ತೋರಿಸಿದ ಜಾಗದ ಮೇಲೆ ಒಂದು ಸೋಲಾರ್ ಹಲಗೆ ಏಳುತ್ತದೆ. ಕರೆಂಟು ಊರಿಗೆ ಹೋಗುತ್ತದೆ, ಬಡ್ಡಿಯೂ ನೆರಳೂ ನಿಮಗೆ. ಹಲಗೆಗೆ ನಿಮ್ಮದೇ ಹೆಸರು.

ಬಳೆಗಾರ ಓಣಿಯವರೆಲ್ಲ ತಂತಮ್ಮ ಬಾಗಿಲ ಮುಂದೆಯೇ ಜಾಗ ತೋರಿಸಿದ್ದರು. ಹಾಗಾಗಿ ಓಣಿಯುದ್ದಕ್ಕೂ ತಂಪು. ಓಣಿ ಮುಗಿದು ಶಾಲೆಗೆ ದಾಟುವ ಚೌಕಿನಲ್ಲಿ ಮಾತ್ರ ಬೆಂಕಿಯಂಥ ಬಿಸಿಲು. ಅದು ಯಾರ ಬಾಗಿಲೂ ಅಲ್ಲವಲ್ಲ! ಮಕ್ಕಳು ತಲೆಗೆ ಒದ್ದೆ ಟವೆಲ್ ಹೊದ್ದು ಓಡಿ ದಾಟುತ್ತಿದ್ದರು. ಮೊನ್ನೆ ಒಬ್ಬ ಹುಡುಗಿ ಬಿದ್ದು, ಕಾದ ಡಾಂಬರಿಗೆ ಅಂಗೈ ಸುಟ್ಟುಕೊಂಡಿದ್ದಳು.

ಬಳೆ ಮಾರುವ ಮಹಾನಂದಾಳ ಬಾಂಡಿನ ಅವಧಿ ಮುಗಿದಿತ್ತು. ಅಂಗಡಿ ಮುಂದಿನ ಹಲಗೆ ಹಾಗೇ ಉಳಿಯುತ್ತದೆ, ಕೈಗೆ ಬಂದ ಅಸಲಿನಲ್ಲಿ ಇನ್ನೊಂದು ಬಾಂಡ್ ಕೊಳ್ಳಬಹುದು. ಅಂಗಡಿಯ ಹಿಂಬದಿಯ ಅಡುಗೆಮನೆ ಒಲೆಯಂತೆ ಕಾಯುತ್ತಿತ್ತು. ಅದನ್ನು ತಂಪು ಮಾಡುವ ಆಸೆ ಅವಳಿಗೆ ಬಹಳ ದಿನದ್ದು.

"ಹೊಸಾದು ಎಲ್ಲಿ ಹಾಕಬೇಕ್ರಿ ಅಕ್ಕಾ?" ಕಂಪನಿಯ ಗುಮಾಸ್ತ ಕಿಟಕಿಯೊಳಗಿಂದ ಕೇಳಿದ.

"ಅಡಗಿಮನಿ ಮ್ಯಾಲ..." ಎಂದವಳು ತಡೆದಳು. "ಬ್ಯಾಡ. ಚೌಕಿನಾಗ ಹಾಕು."

"ಅಲ್ಲಿ ನಿಮ್ಮ ಮನಿ ಇಲ್ಲಲ್ರಿ?"

"ಯಾರ ಮನೀನೂ ಇಲ್ಲ. ಅದಕ್ಕೇ ಹಂಗ ಸುಡ್ಲಕತ್ತದ."

"ಹೆಸರು ಏನಂತ ಬರೀಲಿ?"

"ದಾಟೋರದು ಅಂತ ಬರಿ."

ಗುಮಾಸ್ತ ನಕ್ಕ. "ಒಂದು ಹಲಗಿಗಿ ಚೌಕೆಲ್ಲ ನೆರಳಾಗಲ್ರಿ."

ಅವಳ ಹಿಂದೆ ಸಾಲಿನಲ್ಲಿದ್ದ ದರ್ಜಿ ಮಸ್ತಾನಸಾಬ, ದಿನವೂ ಅವಳೊಡನೆ ಅಂಗಡಿ ಮುಂದಿನ ಕಟ್ಟೆಯ ಜಾಗಕ್ಕಾಗಿ ಜಗಳವಾಡುವವ, ಕಿಟಕಿಯತ್ತ ಬಾಗಿದ.

"ಅದರ ಬಾಜೂಕ ನಂದು ಹಾಕ್ರಿ. ಹೆಸರು ಅದೇ ಇರಲಿ."